ಗುಗ್ಗರಿ ಯಾರ ನಾಯಿ

ಅನ್ನ ಕಲಸಿದ ತಟ್ಟೆ ಕಂಡರೆ ಓಡಿಹೋಗುವ ವಯಸ್ಸಿನಿಂದಲೂ ಚಂದನಳ ಹೊಟ್ಟೆಗೆ ನಾಲ್ಕು ತುತ್ತು ಸೇರುತ್ತಿದ್ದುದು ಗುಗ್ಗರಿಯ ದಯೆಯಿಂದ. ದೊಡ್ಡಬಳ್ಳಾಪುರದ ಅವರ ಬಾಡಿಗೆ ಮನೆಯಲ್ಲಿ ನಾಯಿ ಸಾಕುವ ಮಾತೇ ಇರಲಿಲ್ಲ. ಒಂದು ಗೋಡೆಯ ಆಚೆ ಮಗ್ಗದ ಮಿಷನ್ನು ದಿನವಿಡೀ ಕಟಕಟ ಅನ್ನುತ್ತಿತ್ತು. ಇನ್ನೊಂದು ಗೋಡೆಯ ಆಚೆ ಮನೆಯೊಡತಿ ಬೆಕ್ಕು ಹಾದುಹೋದರೂ ಬೊಬ್ಬೆ ಹಾಕುತ್ತಿದ್ದಳು. ಆದರೂ ಊಟದ ಹೊತ್ತಿಗೆ ಅಮ್ಮ ಅನಸೂಯ ಕಥೆಗೆ ಬಾಯಿ ತೆರೆದಳೆಂದರೆ ಸಾಕು, ಗಿಡ್ಡ ಕಾಲಿನ, ಒಂದು ಕಿವಿ ನಿಂತು ಇನ್ನೊಂದು ಜೋತುಬಿದ್ದ ಪುಟ್ಟ ನಾಯಿಯೊಂದು ಅಡುಗೆಮನೆಗೆ ನುಗ್ಗಿಬಿಡುತ್ತಿತ್ತು.

"ಅದು ನಿಂಗೆಲ್ಲಿ ಸಿಕ್ತು ಹೇಳು," ಎನ್ನುತ್ತಿದ್ದಳು ಚಂದನ, ಉತ್ತರ ಬಾಯಿಪಾಠವಾಗಿದ್ದರೂ.

"ನಲ್ಲೂರಿನ ಹುಣಸೆ ತೋಪಲ್ಲಿ. ಆ ಮುದಿ ಮರಗಳ ಬುಡದಲ್ಲಿ ಪೊಟರೆ ಇರುತ್ತಲ್ಲ, ಅದ್ರೊಳಗೆ ಕೂತು ಕುಂಯ್ ಅಂತಿತ್ತು. ಮೂರನೇ ಕ್ಲಾಸು ನಾನು. ಲಂಗದಲ್ಲಿ ಸುತ್ಕೊಂಡು ಮನೆಗೆ ತಂದೆ."

"ತಾತ ಬೈದ್ರಾ?"

"ಬೈದ್ರು. ತೊಗೊಂಡೋಗಿ ಅಲ್ಲೇ ಬಿಟ್ಬಾ ಅಂದ್ರು. ಅಷ್ಟರಲ್ಲಿ ಅದು ಏನ್ಮಾಡ್ತು? ನಮಗೆ ಅಂತ ನಮ್ಮಜ್ಜಿ ಹುರುಳಿ ಗುಗ್ಗರಿ ಬೇಯಿಸಿ ತಟ್ಟೇಲಿ ಆರಕ್ಕಿಟ್ಟಿದ್ರಲ್ಲ, ಅಷ್ಟನ್ನೂ ತಿಂದು ತಟ್ಟೆಯೊಳಗೇ ಮಲಗಿಬಿಡ್ತು. ಅದರ ಬಣ್ಣಾನೂ ಅದೇ. ಎಲ್ಲಿ ಗುಗ್ಗರಿ ಮುಗೀತು, ಎಲ್ಲಿ ನಾಯಿ ಶುರುವಾಯ್ತು ಅಂತಾನೇ ಗೊತ್ತಾಗ್ಲಿಲ್ಲ."

ಇಲ್ಲಿ ಚಂದನ ನಗಲೇಬೇಕು. ನಕ್ಕ ಬಾಯಿಗೆ ಒಂದು ತುತ್ತು ಹೋಗಲೇಬೇಕು.

ಗುಗ್ಗರಿಯ ತಂಟೆಗಳಿಗೆ ಕೊನೆ ಮೊದಲಿರಲಿಲ್ಲ. ಮನೆಗೆ ನೆಂಟರು ಬಂದರೆ ಅವರ ಚಪ್ಪಲಿಯಲ್ಲಿ ಒಂದನ್ನು ಮಾತ್ರ ಕಚ್ಚಿಕೊಂಡು ಹೋಗಿ ಹುಲ್ಲಿನ ಬಣವೆಯ ಅಡಿ ಸೇರಿಸುತ್ತಿತ್ತು. ಜೊತೆಯನ್ನೇ ಕದ್ದಿದ್ದರೆ ಕಳ್ಳತನ ಅನ್ನಬಹುದಿತ್ತು. ಒಂದೊಂದೇ ಕದಿಯುವುದಕ್ಕೆ ಏನನ್ನುವುದು? ಬೆಳಿಗ್ಗೆ ಹಾಲು ಹಾಕಲು ಡೈರಿಗೆ ಹೋದರೆ ಕ್ಯಾನುಗಳ ಸಾಲಿನಲ್ಲಿ ತಾನೂ ಒಂದು ಕ್ಯಾನಿನಂತೆ ಕೂತು, ಸಾಲು ಮುಂದೆ ಸರಿದಾಗ ತಾನೂ ಸರಿಯುತ್ತಿತ್ತು. "ಇದರ ಹಾಲೆಲ್ಲಮ್ಮ, ಅಳೀಲಾ?" ಎಂದು ಡೈರಿಯ ಕೊಂಡಪ್ಪ ಕೇಳಿದರೆ ಅವನ ಕೈಯ ಅಳತೆ ಪಾತ್ರೆಯನ್ನೇ ನೆಕ್ಕಿಬಿಡುತ್ತಿತ್ತು. ಚಳಿಗೆ ಆರಿದ ಒಲೆಯೊಳಗೆ ಮಲಗಿ, ಬೆಳಿಗ್ಗೆ ಮೈತುಂಬ ಬೂದಿ ಬಳಿದುಕೊಂಡು ಜಂಗಮಯ್ಯನ ಹಾಗೆ ಎದ್ದು ಬರುತ್ತಿತ್ತು. ಅನಸೂಯಳ ಅಜ್ಜಿ ಮುನಿತಾಯಮ್ಮ ಅದನ್ನು ನೋಡಿ, "ಅಯ್ಯೋ ಸ್ವಾಮಿ, ಬಿಕ್ಷಕ್ಕೆ ಬಂದ್ಯಾ?" ಎಂದು ಒಂದು ಚೂರು ಮುದ್ದೆ ಎಸೆಯುತ್ತಿದ್ದಳು.

ಚಂದನಳಿಗೆ ಈಗ ಹತ್ತು ವರ್ಷ. ತಾನೇ ಕಲಸಿಕೊಂಡು ತಿನ್ನುತ್ತಾಳೆ. ಆದರೂ ಅಪ್ಪ ಕಾಂತರಾಜು ಎರಡನೇ ಶಿಫ್ಟಿಗೆ ಹೋದ ಸಂಜೆಗಳಲ್ಲಿ, ಅಮ್ಮ ಪಾತ್ರೆ ತೊಳೆಯುತ್ತಿದ್ದರೆ ಪಕ್ಕದಲ್ಲಿ ಕೂತು, "ಗುಗ್ಗರೀದು ಒಂದು," ಎನ್ನುವುದನ್ನು ಬಿಟ್ಟಿಲ್ಲ. ಅದರಲ್ಲೂ ಎಡೆಯ ಕಥೆ ಅವಳಿಗೆ ಪ್ರಾಣ. ಅನಸೂಯಳಿಗೂ ಅಷ್ಟೇ. ತವರಿನಿಂದ ಅವಳು ತಂದುಕೊಂಡ ಚಿನ್ನ, ಸೀರೆ, ಸ್ಟೀಲಿನ ಕೊಡಗಳು ಒಂದಲ್ಲ ಒಂದು ಕಷ್ಟಕ್ಕೆ ಕರಗಿ ಹೋಗಿದ್ದವು. ಕರಗದೆ ಉಳಿದಿದ್ದು ಆ ನಾಯಿ ಒಂದೇ.

*

ಮಹಾಲಯ ಅಮಾವಾಸ್ಯೆಗೆ ತವರಿಗೆ ಬರಬೇಕೆಂದು ತಮ್ಮ ನಂದೀಶ ಫೋನು ಮಾಡಿದ್ದ. ಗಂಡನ ಮನೆಯ ಕಡೆ ಹಿರಿಯರಿಗೆ ಎಡೆ ಇಡುವುದು ಪಕ್ಷದ ಮೊದಲಲ್ಲೇ ಮುಗಿದಿದ್ದರಿಂದ ಅನಸೂಯಳಿಗೆ ಅಡ್ಡಿಯಿರಲಿಲ್ಲ. ಮಗಳನ್ನು ಕರೆದುಕೊಂಡು, ಬೆಳಗಿನ ಬಸ್ಸು ಹಿಡಿದು, ದೇವನಹಳ್ಳಿಯಲ್ಲಿ ಇಳಿದು, ಅಲ್ಲಿಂದ ನಲ್ಲೂರಿನ ಆಚೆಗಿದ್ದ ಊರಿಗೆ ಷೇರ್ ಆಟೋದಲ್ಲಿ ಬಂದು ಇಳಿಯುವಷ್ಟರಲ್ಲಿ ಮಟನ್ನು ಬೇಯುವ ವಾಸನೆ ಬೀದಿಗೆಲ್ಲ ಹರಡಿತ್ತು.

ಅಪ್ಪ ದೊಡ್ಡಮುನಿಯಪ್ಪ ತೀರಿಕೊಂಡ ಮೇಲೆ ನಂದೀಶ ಹಳೆಯ ಹೆಂಚಿನ ಮನೆ ಕೆಡವಿ ಅದೇ ಜಾಗದಲ್ಲಿ ಆರ್‌ಸಿಸಿ ಮನೆ ಕಟ್ಟಿದ್ದ. ಏರ್‌ಪೋರ್ಟಿನ ಕಾರ್ಗೋದಲ್ಲಿ ಅವನಿಗೆ ಕೆಲಸ, ರಜೆಯಲ್ಲಿ ದ್ರಾಕ್ಷಿ ತೋಟ. ಅಮ್ಮ ಆದಿಲಕ್ಷ್ಮಮ್ಮ ಅವನ ಜೊತೆಗೇ ಇದ್ದಳು. ಸೊಸೆ ಪ್ರಮೋದಾ ಒಳ್ಳೆಯ ಹೆಣ್ಣು. ಅತ್ತೆಗೆ ಬಿಸಿ ನೀರು, ಹೊತ್ತಿಗೆ ಮಾತ್ರೆ, ಯಾವುದಕ್ಕೂ ಕೊರತೆ ಮಾಡಿದವಳಲ್ಲ. ಅನಸೂಯ ಬಂದವಳೇ ಸೆರಗು ಸಿಕ್ಕಿಸಿಕೊಂಡು ಅವಳ ಜೊತೆ ಒಲೆಯ ಮುಂದೆ ನಿಂತಳು. ಕಜ್ಜಾಯ ಕರಿದಳು, ವಡೆ ತಟ್ಟಿದಳು, ಮುದ್ದೆ ಕಟ್ಟಿದಳು. ತವರಿಗೆ ಬಂದರೂ ಕೂತು ತಿನ್ನುವ ಜಾತಕ ಅವಳದಲ್ಲ.

ಮಧ್ಯಾಹ್ನ ನಡುಮನೆಯಲ್ಲಿ ಎಡೆ ಇಟ್ಟರು. ಅನಸೂಯಳ ತಾತ ಮುನಿಸ್ವಾಮಿಗೆ, ಅಜ್ಜಿಗೆ, ಅಪ್ಪನಿಗೆ ಬೇರೆ ಬೇರೆ ಎಲೆ. ಮುದ್ದೆ, ಮಟನ್ ಸಾರು, ಬೇಯಿಸಿದ ಮೊಟ್ಟೆ, ತಾತನಿಗೆ ಬೀಡಿ ಕಟ್ಟು, ಅಜ್ಜಿಗೆ ಎಲೆ ಅಡಿಕೆ, ಮೂವರಿಗೂ ಹೊಸ ಬಟ್ಟೆ. ನಂದೀಶ ಸಾಂಬ್ರಾಣಿ ಹಾಕಿ, ಕಾಯಿ ಒಡೆದ. ಎಲ್ಲರೂ ಅಡ್ಡಬಿದ್ದಾದ ಮೇಲೆ ಬಾಗಿಲು ಎಳೆದುಕೊಂಡು ಹೊರಗೆ ಬಂದರು. ಹಿರಿಯರು ಬಂದು ಉಂಡು ಹೋಗುವವರೆಗೆ ಮನೆಯವರು ಯಾರೂ ಒಳಗಿರಬಾರದು, ಇಣುಕಬಾರದು. ಆಮೇಲೆ ಕೆಮ್ಮಿ, ಸದ್ದು ಮಾಡಿ, ಬಾಗಿಲು ತೆಗೆಯಬೇಕು. ಅಲ್ಲಿಯ ತನಕ ಹೊಟ್ಟೆ ಚುರುಗುಡಿಸಿಕೊಂಡು ಹೊರಗೆ ನಿಲ್ಲುವುದು ಅವರ ಕಡೆಯ ಪದ್ಧತಿ.

ನಂದೀಶನ ಜೊತೆ ಕೆಲಸ ಮಾಡುವ ಅಂಬರೀಶ್ ಮತ್ತೆ ಇಬ್ಬರು ಹುಡುಗರು ಊಟಕ್ಕೆ ಬಂದಿದ್ದರು. ಮುಚ್ಚಿದ ಬಾಗಿಲು ನೋಡಿ ಅಂಬರೀಶ್, "ನಿಜ್ವಾಗ್ಲೂ ಬರ್ತಾರೇನ್ ಗುರು?" ಎಂದು ಕಣ್ಣು ಮಿಟುಕಿಸಿದ.

"ಬರ್ತಾರಾ ಅಂತ ಕೇಳ್ತೀಯಾ?" ನಂದೀಶ ಜಗುಲಿಯ ಮೇಲೆ ಕಾಲು ಇಳಿಬಿಟ್ಟು ಕೂತ. "ಒಂದ್ ವರ್ಷ ಬಂದು ಮೂಳೆ ಸಮೇತ ಕಡ್ದಿದ್ರು. ನಮ್ ಗುಗ್ಗ್ರಿ ಕಥೆ ಹೇಳಿಲ್ವಾ ನಿಂಗೆ?"

ಗುಗ್ಗರಿಯ ಹೆಸರು ಕಿವಿಗೆ ಬಿದ್ದದ್ದೇ ಚಂದನ ಓಡಿ ಬಂದು ಮಾವನ ಪಕ್ಕ ಕೂತಳು. ಅನಸೂಯಳ ಮುಖವೂ ಅರಳಿತು. ತಮ್ಮನಿಗೂ ನೆನಪಿದೆಯಲ್ಲ ಎನಿಸಿ ಅವಳು ಕಂಬಕ್ಕೆ ಒರಗಿ ನಿಂತಳು. ಅಮ್ಮ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಮಂಡಿ ನೀವಿಕೊಳ್ಳುತ್ತಿದ್ದಳು.

"ಇದೇ ಜಾಗ ಗುರು. ಹಿಂಗೇ ಬಾಗ್ಲು ಹಾಕ್ಕೊಂಡು ಹೊರಗ್ ನಿಂತಿದ್ವಿ. ಒಳಗಿಂದ ಸದ್ದು ಬಂತು. ಚಪ್ ಚಪ್ ಚಪ್. ಆಮೇಲೆ ಕಟಂ ಅಂತ ಮೂಳೆ ಕಡಿಯೋದು. ನಮ್ಮಜ್ಜಿ ಬಾಗ್ಲಿಗೆ ಕಿವಿ ಇಟ್ಕೊಂಡಿದ್ದೋಳು ಗೊಳೋ ಅಂತ ಅತ್ಬಿಟ್ಳು. 'ಉಣ್ತಾವ್ರೆ ಕಣ್ರಪ್ಪ! ಇಷ್ಟ್ ವರ್ಸದಲ್ಲಿ ಒಂದಿನಾನೂ ಸದ್ದು ಮಾಡಿರ್ನಿಲ್ಲ, ಇವತ್ತು ಹೊಟ್ಟೆ ತುಂಬ ಉಣ್ತಾವ್ರೆ!' ನಮ್ಮಪ್ಪ ನಿಂತ್ ಜಾಗದಲ್ಲೇ ಅಡ್ಡ ಬಿದ್ದ. ಪಕ್ಕದ್ಮನೆ ಸೊಣ್ಣಮ್ಮ ಓಡ್ಬಂದು, 'ನಂಗೂ ವಸಿ ಕೇಳ್ಸ್ರವ್ವ' ಅಂತ ಕಿವಿ ಇಟ್ಳು. ಇಟ್ಟು ಏನಂದ್ಳು ಗೊತ್ತಾ? 'ಅಲ್ಲಾ ಮುನಿತಾಯಕ್ಕ, ನಿಮ್ ಯಜಮಾನ್ರಿಗೆ ಸಾಯೋವಾಗ ಒಂದ್ ಹಲ್ಲೂ ಇರ್ನಿಲ್ವಲ್ಲ, ಮೂಳೆ ಹೆಂಗ್ ಕಡೀತಾವ್ರೆ?'"

"ಅದ್ಕೆ ಅಜ್ಜಿ?" ಅಂಬರೀಶ್ ಕೇಳಿದ.

"'ಅಲ್ಲೋದ್ಮೇಲೆ ಬಂದವೆ ಕಣೇ!' ಅಂದ್ಳು."

ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅನಸೂಯಳೂ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಎಷ್ಟು ಚೆನ್ನಾಗಿ ಹೇಳುತ್ತಾನೆ! ಅಜ್ಜಿಯ ದನಿಯೇ ಬಂದಂತಿತ್ತು.

"ಆಮೇಲೆ ಅಪ್ಪ ಭಕ್ತಿಯಿಂದ ಕೆಮ್ಮಿ ಕೆಮ್ಮಿ ಬಾಗ್ಲು ತೆಗೀತಾನೆ, ನೋಡಿದ್ರೆ ತಾತನ ಹೊಸ ಪಂಚೆ ಮೇಲೆ ನಮ್ ಗುಗ್ಗ್ರಿ! ಮುಂದಿನ ಕಾಲಲ್ಲಿ ನಲ್ಲಿ ಮೂಳೆ ಹಿಡ್ಕೊಂಡು ಯಜಮಾನನ ಥರ ಕೂತೈತೆ. ಸಾಂಬ್ರಾಣಿ ಹೊಗೆಗೆ ಒಂದ್ ಸಲ ಸೀನಿ, ಮತ್ತೆ ಕಡಿಯಕ್ ಶುರು ಮಾಡ್ತು. ಅಪ್ಪ ಕೆಂಡ ಆಗ್ಬಿಟ್ಟ. 'ಯಾವ್ನ್ಲಾ ನಾಯಿ ಬಿಟ್ಟಿದ್ದು!' ಅಂತ ಹಿಪ್ಪುನೇರಳೆ ಕಡ್ಡಿ ಮುರ್ಕೊಂಡ. ಎಲ್ರೂ ಗಪ್‌ಚಿಪ್." ನಂದೀಶ ಸ್ವಲ್ಪ ತಡೆದು ಎದೆ ಸೆಟೆಸಿದ. "ಏಳು ವರ್ಷದೋನು ಗುರು ನಾನು. ಮುಂದೆ ಹೋಗಿ ನಿಂತ್ಕೊಂಡೆ. 'ನಾನೇ ಕಣಪ್ಪ ಬಿಟ್ಟಿದ್ದು. ಹೊಡೆಯೋದಾದ್ರೆ ನಂಗೆ ಹೊಡಿ, ನನ್ ನಾಯಿ ಮುಟ್ಬೇಡ' ಅಂದೆ. ಏನ್ ಬಾಸುಂಡೆ ಅಂತೀಯಾ ಕಾಲ್ಮೇಲೆ!"

ಅನಸೂಯಳ ನಗು ಮುಖದ ಮೇಲೇ ನಿಂತುಹೋಯಿತು.

"ನಮ್ಮಕ್ಕ ಅಲ್ಲೇ ಕಂಬದ ಹಿಂದೆ ಬಚ್ಚಿಟ್ಕೊಂಡು ಅಳ್ತಿದ್ಳು," ಎಂದು ಅವನು ಅವಳ ಕಡೆ ಕೈ ತೋರಿಸಿದ. "ಅವಳಿಗೆ ನಾಯಿ ಅಂದ್ರೆ ಮೊದ್ಲಿಂದ್ಲೂ ಪುಕ್ಕಲು."

ನಡೆದದ್ದು ಹೀಗಲ್ಲ. ಪುಕ್ಕಲು ಇದ್ದದ್ದು ನಂದೀಶನಿಗೆ. ಗುಗ್ಗರಿ ಅವನ ಚಡ್ಡಿಯ ತುದಿ ಹಿಡಿದು ಎಳೆಯುತ್ತಿದ್ದುದರಿಂದ ಅವನು ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಆ ದಿನ ನಾಯಿಯನ್ನು ಕೊಟ್ಟಿಗೆಯಲ್ಲಿ ಕಟ್ಟಿಬಾ ಎಂದು ಅಪ್ಪ ಹೇಳಿದ್ದು ಅವನಿಗೇ. ಅವನು ಹಗ್ಗವನ್ನು ದೂರದಿಂದ ಅದರ ಮೇಲೆ ಎಸೆದು, "ಕಟ್ಟಿದೆ" ಎಂದು ಓಡಿಬಂದಿದ್ದ. ಅಪ್ಪ ಕಡ್ಡಿ ಮುರಿದಾಗ ಅಮ್ಮನ ಸೀರೆಯೊಳಗೆ ಸೇರಿಕೊಂಡಿದ್ದ. ಕಾಮಾಲೆಯಲ್ಲಿ ಮಲಗಿ ಎದ್ದು ಆಗಿನ್ನೂ ಅವನಿಗೆ ಸರಿಯಾಗಿ ಮೈ ಹಿಡಿದಿರಲಿಲ್ಲ. ಅಮ್ಮ ಅನಸೂಯಳ ಮೊಣಕೈ ಹಿಡಿದೆಳೆದು ಕಿವಿಗೆ ಬಾಯಿ ಇಟ್ಟಿದ್ದಳು: "ನಾನು ಬಿಟ್ಟೆ ಅಂತ ಹೇಳು ನನ್ನವ್ವ. ಅವ್ನು ಒಂದೇಟೂ ತಡ್ಕಳಾಕಿಲ್ಲ."

ಒಂಬತ್ತು ವರ್ಷದ ಅನಸೂಯ ಮುಂದೆ ಹೋಗಿ, "ನಾನೇ ಕಣಪ್ಪ," ಎಂದಿದ್ದಳು.

ಅಜ್ಜಿ ಊರವರ ಮುಂದೆ ಅತ್ತು ನಗೆಪಾಟಲಾಗಿದ್ದ ಸಿಟ್ಟೂ ಸೇರಿ ಅಪ್ಪನ ಕೈ ಆ ದಿನ ಬಹಳ ಜೋರಾಗಿತ್ತು. ಸಂಜೆ ಅಮ್ಮ ಕೊಟ್ಟಿಗೆಯಲ್ಲಿ ಅವಳ ಮೀನಖಂಡಕ್ಕೆ ಹರಳೆಣ್ಣೆ ಸವರುತ್ತ ಬಿಕ್ಕಿ ಬಿಕ್ಕಿ ಅತ್ತಳು. "ಸಾಯೋಗಂಟ ಇದನ್ನ ಮರೆಯಾಕಿಲ್ಲ ಮಗ. ನಿಮ್ಮಪ್ಪ ಆ ನಾಯಿನ ಗೋಣಿಚೀಲಕ್ಕೆ ತುಂಬಿ ಬಿಟ್ಬತ್ತೀನಿ ಅಂತಾವ್ನೆ. ಬಿಡಾಕಿಲ್ಲ ನಾನು. ಅದು ನಿಂದು. ಇನ್ಮೇಲೆ ಯಾರೂ ಅದನ್ನ ಮುಟ್ಟಾಕಿಲ್ಲ." ಅಮ್ಮ ಮಾತಿನಂತೆ ನಡೆದುಕೊಂಡಳು. ಗುಗ್ಗರಿ ಮನೆಯಲ್ಲಿ ಉಳಿಯಿತು. ಅನಸೂಯಳಿಗೆ ಕಾಲಿನ ಉರಿ ಒಂದು ವಾರಕ್ಕೆ ಮರೆತುಹೋಯಿತು. ಅಮ್ಮನಿಗೆ ತಾನು ಆಸರೆಯಾದೆ ಎಂಬ ಹೆಮ್ಮೆ ಮಾತ್ರ ಇಷ್ಟು ವರ್ಷವಾದರೂ ಬೆಚ್ಚಗೆ ಉಳಿದಿತ್ತು. ಮಗಳಿಗೆ ಕಥೆ ಹೇಳುವಾಗಲೆಲ್ಲ ಅವಳು ಅಮ್ಮನ ಮಾತನ್ನು ಅಮ್ಮನ ದನಿಯಲ್ಲೇ ಹೇಳುತ್ತಿದ್ದಳು.

ಅದಕ್ಕೇ ಚಂದನ ಸುಮ್ಮನಿರಲಿಲ್ಲ. "ಅಲ್ಲ ಮಾವ. ಏಟು ತಿಂದಿದ್ದು ಅಮ್ಮ ಅಲ್ವಾ? ಗುಗ್ಗರಿ ಅಮ್ಮನ ನಾಯಿ."

"ಓಹೋ! ನಿಮ್ಮಮ್ಮ ಹಂಗೇಳವ್ಳಾ?" ನಂದೀಶ ನಗೆಯಾಡಿದ. "ನೋಡಪ್ಪಾ ಅಂಬರೀಶ, ನನ್ ನಾಯಿನೂ ಹೊಡ್ಕೊಂಡವ್ಳೆ ನಮ್ಮಕ್ಕ, ನನ್ ಏಟೂ ಹೊಡ್ಕೊಂಡವ್ಳೆ."

ಎಲ್ಲರೂ ನಕ್ಕರು. ಚಂದನಳ ಕಿವಿ ಕೆಂಪಾಯಿತು. "ನಮ್ಮಮ್ಮ ಸುಳ್ಳು ಹೇಳಲ್ಲ. ಅಜ್ಜೀನ ಕೇಳಿ ಬೇಕಾದ್ರೆ. ಅಜ್ಜಿ, ನೀನೇ ಹೇಳು, ಅದು ಯಾರ ನಾಯಿ?"

ಅನಸೂಯಳಿಗೆ ಆ ಕ್ಷಣದಲ್ಲಿ ಭಯವಾಗಲಿಲ್ಲ. ಬದಲಿಗೆ ತಮ್ಮನ ಬಗ್ಗೆ ಒಂದಿಷ್ಟು ಕನಿಕರವೇ ಬಂತು. ಪಾಪ, ಸ್ನೇಹಿತರ ಮುಂದೆ ಸಿಕ್ಕಿಬೀಳುತ್ತಾನಲ್ಲ. ಅಮ್ಮ ನಗುತ್ತಾ ಅವನ ತಲೆಗೆ ಒಂದು ಮೊಟಕಿ ನಿಜ ಹೇಳಿಬಿಡುತ್ತಾಳೆ, ಆಮೇಲೆ ಎಲ್ಲರೂ ಇನ್ನೊಂದು ಸಲ ನಗುತ್ತಾರೆ ಎಂದುಕೊಂಡು ಅವಳು ಅಮ್ಮನ ಕಡೆ ನೋಡಿದಳು.

ಆದಿಲಕ್ಷ್ಮಮ್ಮ ಮಂಡಿ ನೀವುವುದನ್ನು ನಿಲ್ಲಿಸಿದಳು. ಮಗನ ಮುಖ ನೋಡಿದಳು, ಅವನ ಸ್ನೇಹಿತರ ಮುಖ ನೋಡಿದಳು. ಮಗಳ ಮುಖವನ್ನು ಮಾತ್ರ ನೋಡಲಿಲ್ಲ.

"ನಿಮ್ಮಾವಂದೇ ಕಣಮ್ಮ," ಎಂದಳು. "ಯಾವಾಗ್ಲೂ ಅವನ ಹಿಂದೇನೇ ಸುತ್ತಾದು."

"ಏಟು ತಿಂದಿದ್ದು?"

"ಅವ್ನೇ. ಗಂಡುಡುಗ ಅಲ್ವಾ."

"ಸುಪ್ರೀಂ ಕೋರ್ಟ್ ತೀರ್ಪು ಬಂತು!" ಎಂದು ಅಂಬರೀಶ್ ಚಪ್ಪಾಳೆ ತಟ್ಟಿದ.

ಚಂದನ ತಿರುಗಿ ಅಮ್ಮನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಶಾಲೆಯಲ್ಲಿ ಹೇಳಿಕೊಟ್ಟದ್ದು ತಪ್ಪು ಎಂದು ಮನೆಯಲ್ಲಿ ಯಾರೋ ಹೇಳಿದಾಗ ಮಕ್ಕಳು ನೋಡುವ ಹಾಗೆ ಇತ್ತು. ಮೊನ್ನೆ ಮೊನ್ನೆ ಹೋಂವರ್ಕಿನ ವಿಷಯದಲ್ಲಿ ಮಗಳು ಒಂದು ಸಣ್ಣ ಸುಳ್ಳು ಹೇಳಿ ಸಿಕ್ಕಿಬಿದ್ದಾಗ ಅನಸೂಯ ಹೊಡೆದಿರಲಿಲ್ಲ, ಬೈದಿರಲಿಲ್ಲ. "ನಾನು ನಿಂಗೆ ಯಾವತ್ತಾದ್ರೂ ಸುಳ್ಳು ಹೇಳಿದ್ದೀನಾ?" ಎಂದಷ್ಟೇ ಕೇಳಿದ್ದಳು. ಮಗಳು ಆ ಪ್ರಶ್ನೆಗೆ ಈಗ ಉತ್ತರ ಹುಡುಕುತ್ತಿದ್ದಾಳೆ ಎಂದು ಅವಳಿಗೆ ಗೊತ್ತಾಯಿತು.

ಒಳಗೆ ಅಪ್ಪನ ಎಲೆ, ಅಜ್ಜಿಯ ಎಲೆ. ಹಿರಿಯರು ಉಣ್ಣುವ ಹೊತ್ತಿನಲ್ಲಿ ಬಾಗಿಲ ಮುಂದೆ ನಾಯಿಗಾಗಿ ಜಗಳ ತೆಗೆಯುವುದು ಹೇಗೆ? ಅಷ್ಟರಲ್ಲಿ ನಂದೀಶ ಎದ್ದು, ದೊಡ್ಡದಾಗಿ ಕೆಮ್ಮಿ, ಬಾಗಿಲು ನೂಕಿದ. ಎಡೆಗಳು ಇಟ್ಟ ಹಾಗೇ ಇದ್ದವು.

*

ಊಟಕ್ಕೆ ಬಡಿಸಿದ್ದು ಅನಸೂಯಳೇ. ಪ್ರತಿ ಸಲ ಅಮ್ಮ ಬಡಿಸಿ ಮುಗಿಸುವವರೆಗೆ ಕಾಯುತ್ತಿದ್ದ ಚಂದನ ಈ ಸಲ ಮಾವನ ಪಂಕ್ತಿಯಲ್ಲೇ ಕೂತು, ತಲೆ ತಗ್ಗಿಸಿ ಉಂಡಳು. ಸಾರು ಬಡಿಸಲು ಬಗ್ಗಿದಾಗ ಅಂಬರೀಶ್ ಸಲುಗೆಯಿಂದ, "ಅಕ್ಕಾ, ಈಗ್ಲೂ ನಾಯಿ ಕಂಡ್ರೆ ಭಯಾನಾ ನಿಮ್ಗೆ? ನಮ್ ಬೀದೀಲಿ ನಾಲ್ಕವೆ," ಎಂದ. ಅನಸೂಯ ಅವನ ಮುದ್ದೆಯ ಮೇಲೆ ಇನ್ನೊಂದು ಸೌಟು ಸುರಿದು ಮುಂದೆ ಹೋದಳು. ತಮಾಷೆ ಮಾಡುವ ಹುಡುಗನ ಮೇಲೆ ಏನು ಸಿಟ್ಟು?

ಕೈ ತೊಳೆಯುವ ಕಡೆ ತಮ್ಮ ಒಬ್ಬನೇ ಸಿಕ್ಕ.

"ಲೋ ನಂದೀಶ, ನಿಂಗೆ ನಿಜ್ವಾಗ್ಲೂ ಹಂಗೇ ನೆನಪಿದ್ಯೇನೋ?"

"ಯಾವ್ದಕ್ಕ?"

"ಗುಗ್ಗರಿ ವಿಷ್ಯ."

"ಅಯ್ಯೋ, ಅದಕ್ಕಾ ಮುಖ ಊದಿಸ್ಕೊಂಡಿದ್ಯಾ?" ಅವನು ಕೈ ಕೊಡವಿ, ಅವಳ ಸೆರಗಿನ ತುದಿಯಲ್ಲೇ ಒರೆಸಿಕೊಂಡ, ಚಿಕ್ಕಂದಿನಿಂದ ಅದೇ ಅಭ್ಯಾಸ. "ಯಾರ್ಗೊತ್ತು ಕಣಕ್ಕ. ಹೇಳ್ತಾ ಹೇಳ್ತಾ ಹಂಗೇ ಆಗೋಗೈತೆ. ಈಗ ಸತ್ತಿರೋ ನಾಯಿ ಯಾರದಾದ್ರೇನು? ಬೇಕಾದ್ರೆ ನೀನೇ ಇಟ್ಕೊ ಹೋಗು." ಮಿಠಾಯಿ ಹಂಚುವ ಹಾಗೆ ಹೇಳಿ, ನಗುತ್ತ ಹೊರಟುಹೋದ.

ಅವನ ಮೇಲೆ ಅವಳಿಗೆ ಅಂಥ ನೋವಾಗಲಿಲ್ಲ. ಅವನು ಮೊದಲಿನಿಂದಲೂ ಹಾಗೆಯೇ. ಕೈಗೆ ಸಿಕ್ಕಿದ್ದು ತನ್ನದು ಎನ್ನುವವನು. ಆದರೆ ಅಮ್ಮ? ಅಮ್ಮನಿಗೆ ಮರೆವು ಬಂದಿರಬೇಕು ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ವಯಸ್ಸಾಯಿತಲ್ಲ. ಮೊನ್ನೆ ಫೋನಿನಲ್ಲಿ ಚಂದನಳ ಕ್ಲಾಸನ್ನೂ ತಪ್ಪು ಹೇಳಿದ್ದಳು. ಮರೆವಾದರೆ ಅದಕ್ಕೆ ಯಾರೇನು ಮಾಡಲಾಗುತ್ತದೆ? ನೆನಪು ಮಾಡಿಕೊಟ್ಟರಾಯಿತು.

ಹಿತ್ತಿಲಿನಲ್ಲಿ ಪಾತ್ರೆಯ ರಾಶಿ ಮುಂದಿಟ್ಟುಕೊಂಡು ಕೂತಾಗ ಅಮ್ಮ ತಾನಾಗಿಯೇ ಬಂದು ಪಕ್ಕದ ಕಲ್ಲಿನ ಮೇಲೆ ಕೂತಳು. ಪ್ರಮೋದಾ ಒಳಗೆ ಮಿಕ್ಕ ಅಡುಗೆ ತೆಗೆದಿಡುತ್ತಿದ್ದಳು.

"ಅಮ್ಮ," ಎಂದಳು ಅನಸೂಯ, ಹಂಡೆಯನ್ನು ಉಜ್ಜುತ್ತಲೇ, ದನಿ ತಗ್ಗಿಸಿ. "ಆ ನಾಯಿ ನಂದಲ್ವೇನಮ್ಮ? ತೋಪಿಂದ ತಂದಿದ್ದು ನಾನಲ್ವಾ? ನಿಂಗೆ ಮರ್ತೋಗಿದ್ಯಾ?"

ಅಮ್ಮ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ, "ಮರೆಯಾದು ಹೆಂಗೆ," ಎಂದಳು. "ನನ್ ಕೈಯಾರೆ ಎಣ್ಣೆ ಹಚ್ಚಿವ್ನಿ ನಿನ್ ಕಾಲಿಗೆ."

ಅನಸೂಯಳ ಕೈ ನಿಂತಿತು.

"ಮತ್ತೆ ಯಾಕಮ್ಮ?"

"ಏನ್ ಮಾಡ್ಲಿ ಹೇಳು. ಅಷ್ಟು ಜನದ ಮುಂದೆ ಅವನ್ನ ಸುಳ್ಳ ಅನ್ನಿಸ್ಲಾ? ಅವ್ನು ಇವತ್ತಿಗೂ ಒಂದ್ ಮಾತು ತಡ್ಕಳಾಕಿಲ್ಲ. ವಾರಗಟ್ಟಲೆ ಮುಖ ತಿರುಗಿಸ್ಕೊಂಡು ಓಡಾಡ್ತಾನೆ. ಆ ಮುಖ ನೋಡ್ಕೊಂಡು ಇಲ್ಲಿರೋಳು ನಾನು. ನೀನು ಸಂಜೆಗೆ ಬಸ್ ಹತ್ತಿ ಹೋಗೋಳು."

"ನನ್ನ ಸುಳ್ಳಿ ಮಾಡ್ದೆಯಲ್ಲಮ್ಮ. ನನ್ನ ಮಗಳ ಮುಂದೆ."

"ನೀನು ತಡ್ಕೊತೀಯ ಕಣವ್ವ." ಅಮ್ಮ ಅವಳ ಭುಜ ಮುಟ್ಟಿದಳು, ಬೈಯುವವಳ ಕೈಯಲ್ಲ ಅದು, ಮೆಚ್ಚಿಕೊಳ್ಳುವವಳ ಕೈ. "ಮೊದ್ಲಿಂದ್ಲೂ ತಡ್ಕೊಳ್ಳೋಳು ನೀನು. ಅವತ್ತೂ ತಡ್ಕೊಂಡೆ. ನಿಂಗೊತ್ತು, ನಂಗೊತ್ತು. ಸಾಲ್ದಾ? ಮಗೀಗೆ ಏನಾದ್ರೂ ಹೇಳ್ಕೊ. ಅಜ್ಜಿಗೆ ಅರಳು ಮರುಳು ಅಂತ ಹೇಳು."

ಅನಸೂಯ ಹಂಡೆಯನ್ನು ಬೋರಲು ಹಾಕಿದಳು. ಅದರೊಳಗಿನ ಬೂದಿನೀರು ಅವಳ ಪಾದದ ಮೇಲೆ ಹರಿದುಹೋಯಿತು.

ಮರೆತಿದ್ದರೆ ಚೆನ್ನಾಗಿತ್ತು. ಮರೆತವಳನ್ನು ಕ್ಷಮಿಸಬಹುದಿತ್ತು. ಇವಳು ಮರೆತಿಲ್ಲ, ಕೊಟ್ಟಿಗೆಯಲ್ಲಿ ಕೊಟ್ಟ ಮಾತನ್ನು ಒಂದಿಷ್ಟೂ ಮುಕ್ಕಾಗದಂತೆ ಇಟ್ಟುಕೊಂಡಿದ್ದಾಳೆ. ಎಲ್ಲ ನೆನಪಿಟ್ಟುಕೊಂಡೇ, ಮಗಳು ಎದುರಿಗೆ ಕಂಬಕ್ಕೆ ಒರಗಿ ನಿಂತಿರುವಾಗಲೇ, ಅದನ್ನು ಎತ್ತಿ ಮಗನ ಎಲೆಗೆ ಬಡಿಸಿದಳು. ಆ ದಿನ ಕಿವಿಯಲ್ಲಿ 'ನನ್ನವ್ವ' ಎಂದದ್ದೂ ಇದೇ ಲೆಕ್ಕಾಚಾರದಿಂದ ತಾನೆ? ಯಾರು ಏಟು ತಡೆಯುತ್ತಾರೋ ಅವರನ್ನು ಮುಂದೆ ನೂಕುವುದು. ಒಂಬತ್ತು ವರ್ಷದ ಹುಡುಗಿ ಅದನ್ನು ನಂಬಿಕೆ ಎಂದುಕೊಂಡಿದ್ದಳು. ನಲವತ್ತರ ಹೆಂಗಸು ಅದನ್ನೇ ಮಗಳಿಗೆ ತುತ್ತಿನ ಜೊತೆ ತಿನ್ನಿಸಿದ್ದಳು.

"ಏನಾದ್ರೂ ಮಾತಾಡೇ," ಎಂದಳು ಅಮ್ಮ.

"ಬಸ್ಸಿಗೆ ಹೊತ್ತಾಯ್ತು," ಎಂದಳು ಅನಸೂಯ.

*

ದೇವನಹಳ್ಳಿಯಲ್ಲಿ ದೊಡ್ಡಬಳ್ಳಾಪುರದ ಬಸ್ಸು ಹತ್ತಿದಾಗ ಹಬ್ಬ ಮುಗಿಸಿದ ಜನವೆಲ್ಲ ಕಜ್ಜಾಯದ ಡಬ್ಬಿ ಹಿಡಿದು ಕೂತಿದ್ದರು. ಮುಂದಿನ ಸೀಟಿನ ಮುದುಕಪ್ಪ ಆಗಲೇ ಗೊರಕೆ ಹೊಡೆಯುತ್ತಿದ್ದ. ಚಂದನ ಕಿಟಕಿಯ ಪಕ್ಕ ಕೂತಳು. ಹೊರಡುವಾಗ ಅಜ್ಜಿ ಕೆನ್ನೆ ಸವರಿ ಲಟಿಕೆ ಮುರಿದಾಗ ಗೊಂಬೆಯ ಹಾಗೆ ನಿಂತಿದ್ದಳು.

ಬಸ್ಸು ಊರು ದಾಟಿ ಎರಡೂ ಕಡೆ ಬೇಲಿ ಹಾಕಿದ ಲೇಔಟುಗಳು ಶುರುವಾದ ಮೇಲೆ ಅವಳು ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಕೇಳಿದಳು:

"ಅಮ್ಮಾ, ಸುಳ್ಳು ಹೇಳಿದ್ದು ನೀನಾ, ಅಜ್ಜೀನಾ?"

ಉತ್ತರವನ್ನು ಆದಿಲಕ್ಷ್ಮಮ್ಮ ಹಿತ್ತಿಲಲ್ಲೇ ಕಟ್ಟಿಕೊಟ್ಟಿದ್ದಳು. ಅಜ್ಜಿಗೆ ವಯಸ್ಸಾಯ್ತು ಚಿನ್ನ, ಮರೆವು. ಅಷ್ಟು ಹೇಳಿದರೆ ಮುಗಿಯಿತು. ಮಗು ನಂಬುತ್ತದೆ. ಅಜ್ಜಿ ಅಜ್ಜಿಯಾಗಿ ಉಳಿಯುತ್ತಾಳೆ, ಮಾವ 'ಹೇಳ್ತಾ ಹೇಳ್ತಾ ಹಂಗೇ ಆಗೋದ' ಮಾವನಾಗಿ ಉಳಿಯುತ್ತಾನೆ. ಯಾರಿಗೂ ಏನೂ ಆಗುವುದಿಲ್ಲ. ಅನಸೂಯ ತಡೆದುಕೊಳ್ಳುತ್ತಾಳೆ. ಬಾಯಿ ತೆರೆದರೆ ಆ ಮಾತು ತಾನಾಗಿಯೇ ಹೊರಗೆ ಬರುವಂತಿತ್ತು. ಇಷ್ಟು ವರ್ಷಗಳ ಅಭ್ಯಾಸ. ಆದರೆ ಅದೂ ಒಂದು ಸುಳ್ಳೇ. ಮಗಳಿಗೆ ಹೇಳುವ ಮೊದಲ ಸುಳ್ಳು. ಅದನ್ನೂ ತಮ್ಮನ ಸಲುವಾಗಿಯೇ ಹೇಳಬೇಕು.

ಹೇಳದಿದ್ದರೆ ತನ್ನ ತಾಯಿಯನ್ನು ತನ್ನ ಮಗಳ ಕಣ್ಣಲ್ಲಿ ತಾನೇ ಕೈಯಾರೆ ಇಳಿಸಿದಂತೆ. ಅಮ್ಮ ಮಾಡಿದ್ದನ್ನೇ ತಾನೂ ಮಾಡಿದಂತೆ ಆಗುವುದಿಲ್ಲವೇ? ಅನಸೂಯ ಮಗಳ ಜಡೆಯ ಸಡಿಲವಾಗಿದ್ದ ರಿಬ್ಬನ್ನನ್ನು ನೋಡುತ್ತ ಕೂತಳು. ಕಂಡಕ್ಟರು ಬಂದು ಟಿಕೇಟು ಕೇಳಿ ಹೋದ. ಚಂದನ ತಿರುಗಲಿಲ್ಲ. ಕಾಯುತ್ತಿದ್ದಳು.

"ಅಜ್ಜಿ," ಎಂದಳು ಅನಸೂಯ.

ಚಂದನ ತಿರುಗಿ ನೋಡಿದಳು. "ಮರೆತೋಗಿ ಹೇಳಿದ್ದಾ?"

"ಇಲ್ಲ. ಗೊತ್ತಿದ್ದೇ ಹೇಳಿದ್ಲು."

"ಯಾಕೆ?"

"ಮಾವನ್ನ ಕಂಡ್ರೆ ಅಜ್ಜಿಗೆ ಜಾಸ್ತಿ ಇಷ್ಟ."

ಈ ಮಾತನ್ನು ಅವಳು ಹುಟ್ಟಿದಾಗಿನಿಂದ ಯಾರ ಹತ್ತಿರವೂ ಆಡಿರಲಿಲ್ಲ. ಗಂಡನ ಹತ್ತಿರ ಆಡಿರಲಿಲ್ಲ, ತನ್ನ ಮನಸ್ಸಿಗೆ ಕೂಡ ಆಡಿರಲಿಲ್ಲ. ಆಡಿದರೆ ದೊಡ್ಡದೇನೋ ಕುಸಿದು ಬೀಳುತ್ತದೆ ಎಂದುಕೊಂಡಿದ್ದಳು. ಬಸ್ಸು ತನ್ನ ಪಾಡಿಗೆ ಹೋಗುತ್ತಿತ್ತು.

"ನಿನಗಿಂತ?"

"ನನಗಿಂತ."

ಚಂದನ ಅಮ್ಮನ ಕಡೆ ಸರಿದು ಕೂತು, ಅವಳ ಸೆರಗನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಅಳಲಿಲ್ಲ. ಬಹಳ ಯೋಚಿಸಿ ಒಂದು ವಿಷಯ ಕೇಳಿದಳು.

"ಇನ್ನೊಂದ್ಸಲ ಊರಿಗೆ ಹೋದಾಗ ನಾನು ಅಜ್ಜಿ ಜೊತೆ ಮಾತಾಡ್ಬೇಕಾ?"

"ಮಾತಾಡ್ಬೇಕು. ನಿನಗೇನೂ ಮಾಡಿಲ್ಲ ಅವಳು."

"ನೀನು ಮಾತಾಡ್ತೀಯಾ?"

ಮುಂದಿನ ಸೀಟಿನ ಮುದುಕಪ್ಪ ಎಚ್ಚೆತ್ತು, ಯಾವ ಊರು ಬಂತು ಎಂದು ಯಾರನ್ನೋ ಕೇಳಿದ. ಅನಸೂಯ ಮಗಳ ರಿಬ್ಬನ್ನು ಬಿಚ್ಚಿ, ಜಡೆಯ ತುದಿಯನ್ನು ಬೆರಳಲ್ಲಿ ಸರಿಮಾಡಿ, ಮತ್ತೆ ಬಿಗಿಯಾಗಿ ಕಟ್ಟಿದಳು.

"ಗೊತ್ತಿಲ್ಲ ಚಿನ್ನ," ಎಂದಳು. ಅದೂ ನಿಜವೇ ಆಗಿತ್ತು.